ಹದಿನೇಳನೇ ಕೊಳಕಿಯ ಒಂದು ಮಾತು

ನಾನು ಮುಖ ಅಂಟಿಸುವವಳು. ಸಿನಿಮಾ ಮಂದಿ ಈ ಕೆಲಸಕ್ಕೆ ಏನೇನೋ ದೊಡ್ಡ ಹೆಸರು ಇಟ್ಟಿದ್ದಾರೆ, ನನಗೆ ಅದೆಲ್ಲ ಬೇಡ. ರಬ್ಬರಿನ ಹಣೆ, ರಬ್ಬರಿನ ಕೆನ್ನೆ, ರಬ್ಬರಿನ ಗದ್ದ, ಕೊನೆಗೆ ಒಂದು ಜೊತೆ ಕೋರೆಹಲ್ಲಿನ ಸಾಲು. ನಾವು ಆರು ಜನ ಬೆಳಗಿನ ಐದು ಗಂಟೆಗೆ ಬ್ರಷ್ಷು ಹಿಡಿದರೆ ಹತ್ತೂವರೆ ಹೊತ್ತಿಗೆ ನಲವತ್ತು ಮನುಷ್ಯರು ಮಾಯವಾಗಿ ನಲವತ್ತು ಕೊಳಕರು ಎದ್ದು ನಿಲ್ಲುತ್ತಿದ್ದರು.

ಕೊಳಕರು ಅಂದರೆ ಆ ಸಿನಿಮಾದ ಕೇಡಿಗರು, ನೆಲದಡಿಯ ಸುರಂಗಗಳಲ್ಲಿ ಬದುಕುವ ಜನ. ಕಥೆಯ ನಾಯಕರು ಎತ್ತರದ, ತೆಳ್ಳಗಿನ, ಯುದ್ಧದಲ್ಲೂ ತಲೆಗೂದಲು ಕೆದರದ ಮಂದಿ. ಕೊಳಕರು ಅಂತ ಹೆಸರಿಟ್ಟವರು ಅವರೇ. ಚಿತ್ರಕಥೆಯಲ್ಲಿ ಇವರ ಪಾಲಿಗೆ ಬರೆದದ್ದು ಮೂರೇ ಕೆಲಸ: ಗುರುಗುಟ್ಟುವುದು, ಮೇಲೆ ಬೀಳುವುದು, ಸಾಯುವುದು.

ಆ ನಲವತ್ತರಲ್ಲಿ ಹದಿನೇಳನೆಯವಳು ನಮ್ಮಕ್ಕ. ಮುಖವಾಡ ಹಾಕಿದ ಮೇಲೆ ಯಾರು ಯಾರೆಂದು ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ, ಅದಕ್ಕೆ ಕತ್ತಿನ ಹಿಂದೆ ಸಂಖ್ಯೆ ಬರೆದಿರುತ್ತಿದ್ದೆವು. ಸೆಟ್ಟಿನಲ್ಲಿ ಅಕ್ಕನ ಹೆಸರೇ ಹದಿನೇಳು. ಅವಳದು ಇಪ್ಪತ್ತೆರಡು ವರ್ಷದಿಂದ ಗುಂಪಿನಲ್ಲಿ ನಿಲ್ಲುವ ಕೆಲಸ. ರೈಲು ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದು ಓಡುವವಳು, ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನವಳು, ಯುದ್ಧದಲ್ಲಿ ಹೆಣ. ಸಾಯುವುದರಲ್ಲಂತೂ ಅವಳದು ಎತ್ತಿದ ಕೈ. ಆದರೆ ಇಪ್ಪತ್ತೆರಡು ವರ್ಷದಲ್ಲಿ ತೆರೆಯ ಮೇಲೆ ಒಂದೇ ಒಂದು ಮಾತಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರಾದರೂ ಸಮಾಧಾನ ಹೇಳಿದರೆ, ಬಂಗಾರ ಬೇಕಾದಷ್ಟಾಯ್ತು, ಒಂಚೂರು ಬೆಳ್ಳಿ ಕೊಟ್ಟರೆ ಸಾಕು ಎನ್ನುತ್ತಿದ್ದಳು.

ಅಮ್ಮ ಅವಳ ಸಿನಿಮಾ ಒಂದನ್ನೂ ಬಿಟ್ಟವಳಲ್ಲ. ಪರದೆಯ ಮೂಲೆ ಮೂಲೆ ಹುಡುಕಿ, ಆ ಕಂಬದ ಹತ್ತಿರ ಇರೋದು ನೀನಾ, ಕೊಡೆ ಹಿಡಿದವಳು ನೀನಾ ಎಂದು ಪಕ್ಕದವರಿಗೆ ಸಿನಿಮಾ ನೋಡಲು ಬಿಡುತ್ತಿರಲಿಲ್ಲ. ಎರಡು ವರ್ಷದಿಂದ ಅಮ್ಮನ ಕಣ್ಣಿನ ನಡುಮಧ್ಯ ಒಂದು ಕಪ್ಪು ಮಚ್ಚೆ ಬೆಳೆಯುತ್ತ ಬಂತು. ಯಾವುದನ್ನು ನೋಡಬೇಕೋ ಅದೇ ಕಾಣುವುದಿಲ್ಲ, ಸುತ್ತಲಿನದು ಮಸುಕಾಗಿ ಕಾಣುತ್ತದೆ. ಡಾಕ್ಟರು ಇದು ನಿಲ್ಲುವಂಥದ್ದಲ್ಲ ಎಂದರು. ಅಂದಿನಿಂದ ಅಮ್ಮ ಸಿನಿಮಾಕ್ಕೆ ಬಂದರೂ ಏನನ್ನೂ ಕೇಳದೆ ಸುಮ್ಮನೆ ಕೂತಿರುತ್ತಿದ್ದಳು. ಅಕ್ಕನಿಗೆ ಆ ಮೌನ ತಡೆಯಲು ಆಗುತ್ತಿರಲಿಲ್ಲ.

ಈ ಸಿನಿಮಾದ ಕಲ್ಪನೆಯ ಜನಗಳಿಗೆ ಹೊಸ ಭಾಷೆ ಕಟ್ಟಲೆಂದೇ ಒಬ್ಬ ಮೇಷ್ಟ್ರನ್ನು ಕರೆಸಿದ್ದರು. ಸಣಕಲು ಮನುಷ್ಯ, ಜೇಬಿನ ತುಂಬ ಪೆನ್ಸಿಲ್ಲು. ನಾವು ಅವರಿಗೆ ಇಟ್ಟ ಹೆಸರು ನಿಘಂಟು. ಇರುವ ಭಾಷೆಯಲ್ಲೇ ನೆಟ್ಟಗೆ ನಾಲ್ಕು ಮಾತಾಡಲು ಬಾರದ ಜನಕ್ಕೆ ಇಲ್ಲದ ಭಾಷೆ ಯಾಕೆ ಎಂದು ನಾನು ಅವರ ಎದುರಿಗೇ ಆಡಿದ್ದೆ. ಅವರು ಬೇಸರಪಟ್ಟುಕೊಳ್ಳದೆ ನನ್ನ ಅಂಟಿನ ಡಬ್ಬಿ ಪಕ್ಕದಲ್ಲಿ ಕೂತು ವಿವರಿಸಿದರು. ಎತ್ತರದವರನ್ನು ಉಳಿದವರು ಕಂಬಗಳು ಅಂತ ಹಂಗಿಸುತ್ತಾರಂತೆ, ಅವರು ತಮ್ಮನ್ನು ಕರೆದುಕೊಳ್ಳುವುದು ಸೂರೇಲಿ ಎಂದು, ಅಂದರೆ ಮೊದಲು ಎದ್ದವರು. ದೋಣಿಯ ಜನಕ್ಕೆ ಊರವರು ಇಟ್ಟ ಹೆಸರು ಒದ್ದೆಕಾಲಿನವರು, ಅವರಿಗೆ ಅವರು ತೂನ್ವಾಯಿ, ದಡವನ್ನು ನೆನೆಯುವವರು. ರೆಕ್ಕೆಯವರು ತಮ್ಮನ್ನು ಇಯ್ಯ ಎಂದುಕೊಳ್ಳುತ್ತಾರೆ, ಅದಕ್ಕೆ ಬರೀ ‘ನಾವು’ ಎಂದಷ್ಟೇ ಅರ್ಥ. ಮೂರು ವರ್ಷ ಕೂತು ಅವರು ಒಂದೂವರೆ ಸಾವಿರ ಪದ ಹುಟ್ಟಿಸಿದ್ದರು. ಯಾವ ಜನವೂ ತಮಗೆ ತಾವು ಕೆಟ್ಟ ಹೆಸರು ಇಟ್ಟುಕೊಳ್ಳುವುದಿಲ್ಲ, ಕೆಟ್ಟ ಹೆಸರೆಲ್ಲ ನೆರೆಯವರ ಕಾಣಿಕೆ ಎಂಬುದು ಅವರ ಮಾತು.

ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಹಣೆ, ಕೆನ್ನೆ ಆಗಿತ್ತು, ಗದ್ದ ಇನ್ನೂ ಅಂಟಿಸಿರಲಿಲ್ಲ.

“ಸರ್, ನಾವು?” ಎಂದಳು.

“ನೀವು ಕೊಳಕರು.”

“ಅದು ಅವರು ಕರೆಯೋದು. ನಾವು ನಮ್ಮನ್ನ ಏನಂತ ಕರ್ಕೋತೀವಿ?”

ಮೇಷ್ಟ್ರು ಪದಗಳ ಪುಸ್ತಕ ತೆರೆದು ಕೊನೆಯ ಪುಟದವರೆಗೂ ಮಗುಚಿದರು. ಯಾರೂ ಅವರಿಗೆ ಕೊಳಕರ ಭಾಷೆ ಮಾಡಿ ಎಂದಿರಲಿಲ್ಲ, ಅವರಿಗೂ ಕೇಳಬೇಕು ಅನಿಸಿರಲಿಲ್ಲ. ಆ ದಿನ ಮಧ್ಯಾಹ್ನ ಅವರು ಊಟದ ತಟ್ಟೆ ಮುಟ್ಟಲಿಲ್ಲ.

ಸುದ್ದಿ ಡೈರೆಕ್ಟರ್ ಕಿವಿಗೆ ಬಿತ್ತು. ಆ ಮನುಷ್ಯನಿಗೆ ಯಾವ ಮಾತು ಯಾವಾಗ ನಾಟುತ್ತದೆಂದು ಹೇಳಲು ಬರುವುದಿಲ್ಲ. ಈ ಸಲ ನಾಟಿತು. ಕೊನೆಯ ಯುದ್ಧದಲ್ಲಿ ಕೊಳಕರೆಲ್ಲ ಸತ್ತು ಬಿದ್ದ ಮೇಲೆ ಒಬ್ಬರು ಉಳಿಯಬೇಕು, ನಾಯಕ ಕತ್ತಿ ಎತ್ತಿದಾಗ ತನ್ನ ಜನರ ಹೆಸರನ್ನು ಒಂದೇ ಒಂದು ಸಲ ಹೇಳಿ ಬೀಳಬೇಕು ಎಂದು ತೀರ್ಮಾನಿಸಿದರು. ಹೇಳುವವರು ಯಾರು? ಚೆನ್ನಾಗಿ ಸಾಯುವವರು ಯಾರಿದ್ದಾರೋ ಅವರು. ಎಲ್ಲರ ಬೆರಳೂ ಹದಿನೇಳರ ಕಡೆ ತಿರುಗಿತು.

ಅಂದು ಸಂಜೆ ಅಕ್ಕ ಮನೆಗೆ ಬಂದವಳು ಚಪ್ಪಲಿ ಬಿಡದೆ ಅಮ್ಮನ ಮುಂದೆ ಕೂತು ವಿಷಯ ಹೇಳಿದಳು. ಅಮ್ಮ ಮೊದಲು ನಂಬಲಿಲ್ಲ. ಎಷ್ಟು ಮಾತು ಎಂದು ಕೇಳಿದಳು. ಒಂದೇ ಪದ ಎಂದಳು ಅಕ್ಕ.

“ಒಂದು ಸಾಕು ಕಣೇ. ಮುಖ ಬೇಡ ನನಗೆ. ನಿನ್ನ ದನಿ ಎಲ್ಲಿದ್ರೂ ಗುರುತು ಹಿಡೀತೀನಿ,” ಎಂದಳು ಅಮ್ಮ.

ವಾರದೊಳಗೆ ಮೇಷ್ಟ್ರು ಪದ ತಂದರು. ಮೊರುಂಬ, ಬೆಟ್ಟದ ಎಲುಬುಗಳು ಎಂದು ಅರ್ಥ. ಕೇಳಿದ ನನಗೇ ಚೆನ್ನಾಗಿದೆ ಅನಿಸಿತು. ಅಕ್ಕ ತರಕಾರಿ ಹೆಚ್ಚುತ್ತ ಮೊರುಂಬ, ಬಟ್ಟೆ ಒಣಗಿಸುತ್ತ ಮೊರುಂಬ, ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಮೊರುಂಬ. ಆದರೆ ಹಲ್ಲಿನ ಸಾಲು ಹಾಕಿಕೊಂಡ ಮೇಲೆ ಹೇಳಲು ಹೋದರೆ ಬರೀ ಗಾಳಿ. ನಾವೆಲ್ಲ ಒಂದು ದೊಡ್ಡ ವಿಷಯ ಮರೆತಿದ್ದೆವು. ಕೊಳಕರ ಹಲ್ಲು ಹಾಕಿದರೆ ತುಟಿಗೆ ತುಟಿ ತಾಗುವುದಿಲ್ಲ, ತುಟಿ ತಾಗದೆ ಮ, ಬ ಹೊರಡುವುದಿಲ್ಲ. ಹಲ್ಲು ತೆಗೆಯಲು ಡೈರೆಕ್ಟರ್ ಒಪ್ಪಲಿಲ್ಲ. ಹಾಗಾದರೆ ಈ ಬಾಯಿಂದ ಏನೇನು ಹೊರಡುತ್ತದೆ ಎಂದು ತಿಳಿಯಲು ಮೇಷ್ಟ್ರು ಪುಸ್ತಕ ಪೆನ್ಸಿಲ್ಲು ಹಿಡಿದು ನಮ್ಮ ಶೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ಬಂದು ಕೂತರು.

ಮೊದಲ ದಿನ ಹನ್ನೊಂದು ಗಂಟೆ ಇರಬಹುದು. ನಾನು ಮೂವತ್ತೊಂದರ ಕಿವಿ ಸರಿಮಾಡುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು, ನಾನು ತಿರುಗದೆಯೇ ನೀರಿನ ಲೋಟಕ್ಕೆ ಕೊಳವೆ ಹಾಕಿ ಚಾಚಿದೆ. ಇನ್ನೊಂದು ದನಿ ಬಂತು, ಬ್ರಷ್ಷಿನ ಹಿಡಿಯಿಂದ ಒಬ್ಬನ ಬೆನ್ನು ಕೆರೆದೆ. ಮೇಷ್ಟ್ರು ಎದ್ದು ನಿಂತರು.

“ಆತ ಈಗ ಏನಂದ?”

“ನೀರು ಕೇಳಿದ ಸರ್.”

“ಯಾವ ಭಾಷೇಲಿ?”

ಯಾವ ಭಾಷೆ ಅಂದರೆ? ಕಹ ಅಂದರೆ ನೀರು. ಲಗ್ಗ ಅಂದರೆ ಮುಖವಾಡದ ಒಳಗೆ ಕೆರೆತ. ಕಿರ್ರ್ ಅಂದರೆ ಡೈರೆಕ್ಟರ್ ಬರ್ತಿದ್ದಾರೆ, ಬೀಡಿ ಆರಿಸಿ. ಕಿರ್ರ್ ಕಹ ಅಂದರೆ ಡೈರೆಕ್ಟರ್ ನೀರಿಳಿಸುತ್ತಿದ್ದಾರೆ, ಹತ್ತಿರ ಹೋಗಬೇಡಿ. ದಿನಕ್ಕೆ ಏಳೆಂಟು ಗಂಟೆ ಬಾಯಿ ಮುಚ್ಚಲಾಗದೆ ಕೂತ ನಲವತ್ತು ಜನ ಒಂಬತ್ತು ವಾರದಲ್ಲಿ ಇದನ್ನೆಲ್ಲ ಮಾಡಿಕೊಂಡಿದ್ದರು. ಯಾರು ಮೊದಲು ಹೇಳಿದರು, ಯಾರು ಕಲಿಸಿದರು, ಒಬ್ಬರಿಗೂ ಗೊತ್ತಿಲ್ಲ. ದಿನಾ ಕೇಳಿ ಕೇಳಿ ನನಗೂ ಬಂದಿತ್ತು. ಅದು ಬಂದಿದೆ ಎಂಬುದೇ ಗೊತ್ತಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನಮ್ಮ ಕಥೆ.

ಮೂರು ದಿನದಲ್ಲಿ ಮೇಷ್ಟ್ರು ನೂರ ಮೂವತ್ತು ಪದ ಬರೆದುಕೊಂಡರು. ಮೂರನೆಯ ದಿನ ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ನನ್ನ ಕಡೆ ನೋಡಿ, ತಾವು ಹುಟ್ಟಿಸಿದ ಒಂದೂವರೆ ಸಾವಿರ ಪದದಲ್ಲಿ ಒಂದಾದರೂ ಯಾರಿಗೂ ಒಂದು ಲೋಟ ನೀರು ತಂದುಕೊಟ್ಟಿಲ್ಲ ಎಂದರು. ನಾನು ಅವರಿಗೂ ಒಂದು ಲೋಟ ನೀರು ಕೊಟ್ಟೆ. ಅಷ್ಟು ದಿನ ಅವರನ್ನು ಗೇಲಿ ಮಾಡಿದ್ದಕ್ಕೆ ನಾಚಿಕೆಯೂ ಆಯಿತು.

ಆದರೆ ಅವರಿಗೆ ಬೇಕಾದ ಒಂದು ಪದ ಮಾತ್ರ ಸಿಗಲಿಲ್ಲ. ನಿಮ್ಮನ್ನು ನೀವು ಏನಂತ ಕರೆಯುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿದರು. ಎಲ್ಲರೂ ಭುಜ ಕುಣಿಸಿದರು. ನಾವು ನಾವೇ, ಅದಕ್ಕೇನು ಹೆಸರು ಎನ್ನುವ ಹಾಗೆ.

ಇನ್ನೊಂದು ವಿಷಯ ಹೇಳಬೇಕು. ಸುರಂಗದ ಸೆಟ್ಟು ಸುಮಾರು ನೂರಿಪ್ಪತ್ತು ಅಡಿ ಉದ್ದ, ನಡುವೆ ಎರಡು ತಿರುವು, ಒಳಗೆ ದೀಪವಿಲ್ಲ. ಮುಖವಾಡದ ಕಣ್ಣಿನ ತೂತು ಗುಂಡಿಯಷ್ಟು. ಮೊದಲ ವಾರ ಒಬ್ಬ ಎಡವಿ ಬಿದ್ದು ಹಿಂದಿನವರು ತುಳಿದು ಅವನ ಮಣಿಕಟ್ಟು ಮುರಿಯಿತು. ಆಮೇಲೆ ಅವರೇ ಒಂದು ಪದ್ಧತಿ ಮಾಡಿಕೊಂಡರು. ಎಲ್ಲರೂ ಸಾಲಾಗಿ ನಿಂತು ಮುಂದಿನವರ ಹೆಗಲ ಮೇಲೆ ಕೈಯಿಡಬೇಕು. ಮುಂದಿರುವವರು ‘ಎಗಾ’ ಎನ್ನಬೇಕು. ಅವರ ಹಿಂದಿನವರು ‘ಎಗಾ’, ಅವರ ಹಿಂದಿನವರು ‘ಎಗಾ’, ಹೀಗೆ ಕೊನೆಯವರ ದನಿ ಕೇಳಿಸಿದ ಮೇಲೆಯೇ ಮುಂದಕ್ಕೆ ಹೆಜ್ಜೆ. ಹಿಂದೆ ಇದ್ದೀಯಾ ಎಂದು ಕೇಳುವುದಕ್ಕೂ, ಹಿಂದೆ ನಾನಿದ್ದೀನಿ ಎಂದು ಹೇಳುವುದಕ್ಕೂ ಅದೊಂದೇ ಮಾತು. ಎಗಾ ಕೇಳಿದವರು ಏನೇ ಆಗಲಿ ಉತ್ತರ ಕೊಡಬೇಕು, ಹಿಂದೆ ತಿರುಗಿ ನೋಡಬಾರದು. ತಿರುಗಿದರೆ ಹೆಗಲ ಮೇಲಿನ ಕೈ ಜಾರುತ್ತದೆ. ಮೇಷ್ಟ್ರು ಇದನ್ನೂ ಬರೆದುಕೊಂಡಿದ್ದರು, ಪದಗಳ ಪಟ್ಟಿಯಲ್ಲಲ್ಲ, ಕೊನೆಯ ಪುಟದಲ್ಲಿ ‘ಎಚ್ಚರಿಕೆ ಕೂಗು’ ಎಂದು.

ಈ ಅಭ್ಯಾಸ ನಮ್ಮ ಮನೆಗೂ ಬಂದಿತ್ತು. ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗುವಾಗ ಅಕ್ಕ ಮುಂದೆ, ಅವಳ ಹೆಗಲ ಮೇಲೆ ಅಮ್ಮನ ಕೈ. ಅಕ್ಕ ಎಗಾ ಅಂದರೆ ಅಮ್ಮನೂ ಎಗಾ ಎನ್ನುವಳು. ಹೋಗಿ ಹೋಗಿ ಈ ವಯಸ್ಸಿನಲ್ಲಿ ನನಗೆ ಕೊಳಕರ ಬುದ್ಧಿ ಕಲಿಸಿದಳಲ್ಲ ಎಂದು ಬಚ್ಚಲಿನೊಳಗಿಂದ ಬೈಗುಳ ಕೇಳಿಸುತ್ತಿತ್ತು.

ಆ ದೃಶ್ಯದ ಶೂಟಿಂಗಿಗೆ ಎರಡು ದಿನ ಉಳಿದಾಗ ಮೇಷ್ಟ್ರು ತುಟಿ ತಾಗದ ಒಂದು ಪದ ಕಟ್ಟಿ ತಂದರು, ಖೊರುಂಗ. ಅದೇ ಬೆಟ್ಟ, ಅದೇ ಎಲುಬು. ಕೊಡುವಾಗ ಅವರ ಮುಖದಲ್ಲಿ ಕಳೆ ಇರಲಿಲ್ಲ. ಅಕ್ಕ ಮಾತ್ರ ಸಿಕ್ಕಿದ್ದೇ ಪುಣ್ಯ ಎಂದು ಕಲಿತಳು. ಹಲ್ಲು ಹಾಕಿಕೊಂಡು ಹೇಳಿದಳು, ಸ್ಪಷ್ಟವಾಗಿ ಬಂತು. ಡೈರೆಕ್ಟರ್ ತಲೆಯಾಡಿಸಿದರು.

ಶೂಟಿಂಗಿನ ಆ ದಿನವೇ ಸುರಂಗದ ಕೊನೆಯ ದಿನ. ಮರುದಿನ ಬೆಳಿಗ್ಗೆ ಸೆಟ್ಟು ಒಡೆಯಬೇಕು, ಆ ಜಾಗ ಬೇರೆಯವರಿಗೆ ಹೋಗಿತ್ತು. ಹರಿದ ಮುಖಕ್ಕೆ ತೇಪೆ ಹಾಕಲು ನಾನು ಕ್ಯಾಮೆರಾ ಹಿಂದೆಯೇ ಅಂಟಿನ ಡಬ್ಬಿ ಹಿಡಿದು ನಿಂತಿದ್ದೆ. ಮೂವತ್ತೊಂಬತ್ತು ಜನ ಸತ್ತು ಬಿದ್ದಿದ್ದರು, ಕೆಲವರು ಕಾಣುವಂತೆ, ಉಳಿದವರು ತಿರುವಿನಾಚೆ ಸಾಲಾಗಿ. ನಾಯಕ ಕತ್ತಿ ಹಿಡಿದು ಸಿದ್ಧನಾದ. ಹೊಗೆ ಬಿಟ್ಟರು. ಹೊಗೆಯವನ ಕೈ ಸ್ವಲ್ಪ ದೊಡ್ಡದು, ಎಲ್ಲವೂ ಬೆಳ್ಳಗಾಗಿ ಹೋಯಿತು.

ಅಕ್ಕ ಓಡಿ ಬಂದಳು. ಏಟು ತಿಂದು ಮಂಡಿಯೂರಿ ಬಿದ್ದಳು. ಅಲ್ಲಿಯವರೆಗೆ ಎಲ್ಲ ಅಂದುಕೊಂಡಂತೆ. ಆಮೇಲೆ ಅವಳಿಗೆ ಏನೂ ಕಾಣದೆ ಹೋಯಿತು. ಅವಳ ಬಲಗೈ ಹೊಗೆಯಲ್ಲಿ ತಡಕಾಡುವುದನ್ನು ನಾನು ನೋಡಿದೆ. ಕೈಗೆ ಸಿಕ್ಕಿದ್ದು ಸತ್ತು ಬಿದ್ದವನೊಬ್ಬನ ಹೆಗಲು. ಹೆಗಲು ಸಿಕ್ಕಿದ್ದೇ ತಡ, ಒಂಬತ್ತು ವಾರದ ಅಭ್ಯಾಸ, ಬಾಯಿಂದ ಬಂದುಬಿಟ್ಟಿತು.

“ಎಗಾ,” ಎಂದಳು ಅಕ್ಕ.

ಸತ್ತವನು “ಎಗಾ” ಎಂದ.

ಅವನ ಆಚೆಯವಳು ಎಗಾ ಎಂದಳು. ಅವಳ ಆಚೆಯವನು, ಅವನ ಆಚೆಯವನು. ಒಬ್ಬರೂ ಕದಲಲಿಲ್ಲ, ಬಿದ್ದಲ್ಲೇ ಬಿದ್ದಿದ್ದರು, ದನಿ ಮಾತ್ರ ಹೆಣದಿಂದ ಹೆಣಕ್ಕೆ ದಾಟುತ್ತ ಹೋಯಿತು. ಮೊದಲನೆಯ ತಿರುವು ದಾಟಿತು. ಎರಡನೆಯದು ದಾಟಿತು. ನಾನು ಎಣಿಸುತ್ತಿರಲಿಲ್ಲ, ಆದರೂ ಇನ್ನೂ ಇದ್ದಾರೆ, ಇನ್ನೂ ಇದ್ದಾರೆ ಎಂದು ಎದೆ ಬಡಿದುಕೊಳ್ಳುತ್ತಿತ್ತು. ಎಲ್ಲೋ ನೆಲದ ಹೊಟ್ಟೆಯೊಳಗಿಂದ ಬಂದ ಹಾಗೆ ಕೊನೆಯದೊಂದು ಸಣ್ಣ ಎಗಾ ಕೇಳಿಸಿತು. ಆಮೇಲೆ ಸದ್ದಿಲ್ಲ. ಅವರ ಮುಖಗಳನ್ನು ನಾವೇ ಅಂಟಿಸಿದ್ದೆವು, ಆ ರಬ್ಬರನ್ನು ನಾನೇ ಬೇಯಿಸಿದ್ದೆ. ಆದರೂ ಆ ಗಳಿಗೆಯಲ್ಲಿ ಭೂಮಿಯ ಕೆಳಗೆ ಒಂದು ಜನ ನಿಜವಾಗಿಯೂ ಇದೆ, ನಾವು ಮೇಲಿನವರು ಇಷ್ಟು ಕಾಲ ಅವರ ಹೆಸರು ಕೇಳದೆ ಬದುಕಿದ್ದೇವೆ ಅನಿಸಿತು. ನಾಯಕ ತನಗೆ ಗೊತ್ತಿಲ್ಲದೆ ಕತ್ತಿ ಇಳಿಸಿದ್ದ. ಕಟ್ ಹೇಳಬೇಕಾದವರು ಹೇಳಲಿಲ್ಲ.

ಮೊದಲು ಎಚ್ಚರವಾದದ್ದು ಅಕ್ಕನಿಗೆ. ಸುಟ್ಟುಕೊಂಡವಳಂತೆ ಕೈ ಎಳೆದುಕೊಂಡಳು. ಮುಖವಾಡದೊಳಗೆ ಅತ್ತರೆ ನೀರು ಹೊರಗೆ ಬರುವುದಿಲ್ಲ, ಗದ್ದದ ಅಂಟು ಬಿಡುತ್ತದೆ ಅಷ್ಟೆ. ನಾನು ಓಡಿ ಹೋಗಿ ನೋಡಿದರೆ ಗದ್ದ ಅರ್ಧ ಜೋತಾಡುತ್ತಿತ್ತು. ಇಪ್ಪತ್ತೆರಡು ವರ್ಷಕ್ಕೆ ಸಿಕ್ಕ ಒಂದು ಮಾತನ್ನೂ ತಪ್ಪು ಹೇಳಿಬಿಟ್ಟೆನಲ್ಲ ಎಂದು ಹಲ್ಲಿನ ಸಾಲು ಕಿತ್ತು ಕೈಯಲ್ಲಿ ಹಿಡಿದು ಹೇಳಿದಳು.

ಡೈರೆಕ್ಟರ್ ಮೇಷ್ಟ್ರ ಕಡೆ ತಿರುಗಿ ಅದೇನದು ಎಂದು ಕೇಳಿದರು. ಮೇಷ್ಟ್ರು ತಪ್ಪಾಯಿತು, ಇನ್ನೊಮ್ಮೆ ಮಾಡೋಣ ಎನ್ನಬಹುದಿತ್ತು. ಅವರ ಭಾಷೆ, ಅವರ ಪದ, ಮುಂದಿನ ಸಿನಿಮಾದ ಕೆಲಸ, ಎಲ್ಲ ಆ ಉತ್ತರದಲ್ಲೇ ಇತ್ತು.

“ಅವರ ಹೆಸರು ಸರ್. ಅವರು ತಮ್ಮನ್ನ ಕರ್ಕೊಳ್ಳೋದು ಹಾಗೆ,” ಎಂದರು ಮೇಷ್ಟ್ರು.

“ನೀವು ಬರೆದುಕೊಟ್ಟಿದ್ದು ಬೇರೆ ಇತ್ತಲ್ಲ?”

“ನಾನು ಬರೆದಿದ್ದು ತಪ್ಪು. ನಾನೂ ಹೊರಗಿನವನೇ ಅಲ್ವಾ ಸರ್.”

ಡೈರೆಕ್ಟರ್ ಸತ್ತವರು ಮಾತಾಡುವುದಿಲ್ಲ ಎಂದರು. ಹೊತ್ತಾಗಿದೆ, ಮಾತು ಗೀತು ಏನೂ ಬೇಡ, ಮೊದಲಿನ ಹಾಗೆ ಬರೀ ಗುರುಗುಟ್ಟಿ ಬೀಳಲಿ ಎಂದರು. ನಾನು ಗದ್ದ ಮತ್ತೆ ಅಂಟಿಸಿದೆ. ಅಕ್ಕ ಗುರುಗುಟ್ಟಿದಳು, ಬಿದ್ದಳು, ಎಂದಿನಂತೆ ಚೆನ್ನಾಗಿ ಸತ್ತಳು. ಮೇಷ್ಟ್ರು ಮೊದಲಿನದನ್ನೇ ಇಟ್ಟುಕೊಳ್ಳಿ ಎಂದು ಬೆನ್ನು ಹತ್ತಿದ್ದಕ್ಕೆ ನೋಡೋಣ ಎಂಬ ಉತ್ತರ ಬಂತು. ನಮ್ಮ ಕಸುಬಿನಲ್ಲಿ ನೋಡೋಣ ಅಂದರೆ ಇಲ್ಲ ಎಂದು ಅರ್ಥ.

ನನ್ನ ಮಾತು ತೆಗೆದುಬಿಟ್ಟರು ಎಂದು ಅಕ್ಕ ಅಮ್ಮನಿಗೆ ಅಂದೇ ಹೇಳಿದಳು. ಹೋಗಲಿ ಬಿಡು ಎಂದಳು ಅಮ್ಮ. ಆಮೇಲೆ ಆ ವಿಷಯ ಇಬ್ಬರೂ ಎತ್ತಲಿಲ್ಲ. ಎಂಟು ತಿಂಗಳಲ್ಲಿ ಅಮ್ಮನ ಕಣ್ಣಿನ ಮಚ್ಚೆ ಅಂಚಿನವರೆಗೂ ಬೆಳೆಯಿತು. ಬಾಗಿಲು ಯಾವುದು ಗೋಡೆ ಯಾವುದು ಎಂದು ಕೈಯಿಂದ ಮುಟ್ಟಿ ತಿಳಿಯುವ ಹಾಗಾಯಿತು.

ಸಿನಿಮಾ ಬಿಡುಗಡೆಯಾದಾಗ ಕೆಲಸ ಮಾಡಿದವರಿಗೆಲ್ಲ ಬೆಳಗಿನ ಆಟಕ್ಕೆ ಟಿಕೆಟ್ ಕೊಟ್ಟರು. ಅಮ್ಮ ತಾನೂ ಬರುತ್ತೇನೆ ಎಂದಳು. ಕಾಣದಿದ್ದರೇನು, ಹೋಗದೆ ಇದ್ದ ಸಿನಿಮಾ ಒಂದೂ ಇಲ್ಲ ನನ್ನ ಲೆಕ್ಕದಲ್ಲಿ ಎಂದು ಸೀರೆ ಬದಲಿಸಿಯೇ ಬಿಟ್ಟಳು. ಮೂರು ಸೀಟು ಒಟ್ಟಿಗೆ ಸಿಗಲಿಲ್ಲ. ಅಕ್ಕ ಅಮ್ಮನ ನೇರ ಮುಂದಿನ ಸೀಟಿನಲ್ಲಿ ಕೂತಳು, ನಾನು ಅಮ್ಮನ ಪಕ್ಕ.

ಎರಡೂಕಾಲು ಗಂಟೆ ಸೂರೇಲಿಗಳು ಕೂದಲು ಕೆದರದೆ ಕಾದಾಡಿದರು. ಅಮ್ಮ ಕೈ ಮಡಚಿ ಕೂತಿದ್ದಳು. ಸುರಂಗ ಬಂತು. ಅಕ್ಕ ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿದ್ದನ್ನು ನೋಡಿದೆ, ತಾನು ಗುರುಗುಟ್ಟುವುದನ್ನು ಕೇಳುವುದು ಅವಳಿಗೆ ಬೇಡವಾಗಿತ್ತು. ಪರದೆಯ ತುಂಬ ಹೊಗೆ. ಹೊಗೆಯಲ್ಲಿ ಒಂದು ಕೈ ತಡಕಾಡಿತು. ಗುರುಗುಟ್ಟಿದ ಟೇಕಿನಲ್ಲಿ ಆ ಕೈ ಇರಲಿಲ್ಲ.

“ಎಗಾ,” ಎಂದಳು ಪರದೆಯ ಮೇಲಿನ ಅಕ್ಕ.

ಅಮ್ಮ ನೆಟ್ಟಗಾದಳು. ಸತ್ತವರು ಉತ್ತರ ಕೊಡುವ ಮೊದಲೇ ಅವಳ ಕೈ ಕತ್ತಲಲ್ಲಿ ಮುಂದಕ್ಕೆ ಚಾಚಿ, ಸೀಟಿನ ಅಂಚು ಮುಟ್ಟಿ, ಅಲ್ಲಿಂದ ಹೆಗಲು ಹುಡುಕಿ ಗಟ್ಟಿಯಾಗಿ ಹಿಡಿಯಿತು.

“ಎಗಾ,” ಎಂದಳು ಅಮ್ಮ, ಮನೆಯಲ್ಲಿ ಹೇಳುವಷ್ಟೇ ಜೋರಾಗಿ.

ಅಕ್ಕಪಕ್ಕದವರು ತಿರುಗಿ ನೋಡಿದರು. ಪರದೆಯ ಮೇಲೆ ಮೂವತ್ತೊಂಬತ್ತು ಜನ ಒಬ್ಬರಾದ ಮೇಲೆ ಒಬ್ಬರು ಹೇಳುತ್ತ ಹೋದರು. ಅಕ್ಕನ ಬೆನ್ನು ಕುಲುಕುತ್ತಿತ್ತು, ಆದರೆ ಅವಳು ತಿರುಗಲಿಲ್ಲ. ಸಾಲಿನಲ್ಲಿ ಇರುವವರು ತಿರುಗುವ ಹಾಗಿಲ್ಲ. ನಾನು ಆ ಸಾಲಿನಲ್ಲಿ ಒಂದು ದಿನವೂ ನಿಂತವಳಲ್ಲ. ಅಮ್ಮನ ಹೆಗಲ ಮೇಲೆ ಕೈಯಿಟ್ಟು, ಕೊನೆಯ ದನಿ ಬರುವವರೆಗೂ ಕಾದು, ನಾನೂ ಹೇಳಿದೆ.